ಫ್ರಿಜ್ ಕಡಲು ದಾಟೀತು, ಕರೆಂಟು ದಾಟೀತೇ?

ಮಕ್ಕಳೇ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಆಲ್ಟೋಸ್ ಎಂಬ ಪುಟ್ಟ ಊರಿದೆ. ಒಂದು ಕಾಲಕ್ಕೆ ಅಲ್ಲೆಲ್ಲ ಏಪ್ರಿಕಾಟ್ ಹಣ್ಣಿನ ತೋಟಗಳಿದ್ದವು. ಈಗ ಸುತ್ತಮುತ್ತ ಕಂಪ್ಯೂಟರ್ ಕಂಪನಿಗಳು ತುಂಬಿಕೊಂಡಿವೆ. ಆ ಕಡೆ ನೆಲೆಸಿರುವ ಕನ್ನಡದ ಕುಟುಂಬಗಳೂ ಸಾಕಷ್ಟು. ಅವರಲ್ಲಿ ಯಾರಾದರೂ ಬೆಂಗಳೂರಿಗೆ ವಾಪಸು ಹೊರಟರೆ ಮನೆಯಲ್ಲಿ ಒಂದು ದೊಡ್ಡ ಚರ್ಚೆ ಶುರುವಾಗುತ್ತದೆ. ಫ್ರಿಜ್, ವಾಷಿಂಗ್ ಮಷಿನ್, ಮೈಕ್ರೋವೇವ್ ಇವನ್ನೆಲ್ಲ ಹಡಗಿಗೆ ಹಾಕೋಣವೇ, ಇಲ್ಲೇ ಯಾರಿಗಾದರೂ ಕೊಟ್ಟು ಹೋಗೋಣವೇ? ಇದಕ್ಕೆ ಉತ್ತರ ಹೇಳಲು ದುಡ್ಡಿನ ಲೆಕ್ಕದ ಜೊತೆಗೆ ವಿಜ್ಞಾನವೂ ಬೇಕು.

ಉಕ್ಕಿನ ಪೆಟ್ಟಿಗೆಯ ಪಯಣ

ಸಾಮಾನು ಮೊದಲು ಕಂಟೇನರ್ ಎಂಬ ಉಕ್ಕಿನ ಪೆಟ್ಟಿಗೆ ಸೇರಿ, ಲಾರಿಯಲ್ಲಿ ಹತ್ತಿರದ ಕೊಲ್ಲಿಯ ಆಚೆ ದಡದ ಓಕ್ಲೆಂಡ್ ಬಂದರಿಗೆ ಹೋಗುತ್ತದೆ. ಅಲ್ಲಿಂದ ಹಡಗು ಗೋಲ್ಡನ್ ಗೇಟ್ ಸೇತುವೆಯ ಅಡಿಯಲ್ಲಿ ಹಾದು ಪೆಸಿಫಿಕ್ ಸಾಗರಕ್ಕೆ ಇಳಿಯುತ್ತದೆ. ಸಿಂಗಾಪುರ ಅಥವಾ ಕೊಲಂಬೊದಂಥ ಬಂದರಿನಲ್ಲಿ ಪೆಟ್ಟಿಗೆ ಇನ್ನೊಂದು ಹಡಗಿಗೆ ಬದಲಾಗಿ ಚೆನ್ನೈ ತಲುಪಬಹುದು. ಚೆನ್ನೈನಿಂದ ರೈಲಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋಗೆ ಬರುತ್ತದೆ. ಇಷ್ಟಕ್ಕೆ ವಾರಗಟ್ಟಲೆ ಸಮಯ ಬೇಕು.

ಇಷ್ಟು ದೂರದಲ್ಲಿ ಎಲ್ಲೂ ಫ್ರಿಜ್ಜನ್ನು ಹೊರಗೆ ತೆಗೆಯುವುದಿಲ್ಲ. ಕಂಟೇನರನ್ನೇ ಇಡಿಯಾಗಿ ಎತ್ತಿ ಇಡುತ್ತಾರೆ. ಈ ಉಪಾಯವನ್ನು ಚಾಲ್ತಿಗೆ ತಂದವರು ಲಾರಿ ಸಾಗಣೆಯಲ್ಲಿದ್ದ ಮಾಲ್ಕಮ್ ಮೆಕ್ಲೀನ್. 1956ರ ಏಪ್ರಿಲ್ 26ರಂದು ಅವರ 'ಐಡಿಯಲ್ ಎಕ್ಸ್' ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂಜೆರ್ಸಿಯ ನ್ಯೂವಾರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ ಹೊರಟಿತು. ಅದಕ್ಕೂ ಮುಂಚೆ ಮೂಟೆ, ಪೀಪಾಯಿಗಳನ್ನು ಒಂದೊಂದಾಗಿ ಹೊತ್ತು ತುಂಬಬೇಕಿತ್ತು.

20 ಅಡಿಯ ಖಾಲಿ ಕಂಟೇನರ್ ಎರಡು ಟನ್ನಿಗಿಂತ ಹೆಚ್ಚು ತೂಗುತ್ತದೆ. ಆದರೂ ಒಂದು ಹನಿ ನೀರೂ ಒಳಹೋಗದಂತೆ ಅದನ್ನು ಮುಚ್ಚಿ ಸಮುದ್ರಕ್ಕೆ ಬಿಟ್ಟರೆ ತೇಲುತ್ತದೆ! ಲೆಕ್ಕ ನೋಡಿ: ಉದ್ದ ಸುಮಾರು 6 ಮೀಟರ್, ಅಗಲ 2.4, ಎತ್ತರ 2.6. ಗುಣಿಸಿದರೆ 37 ಘನ ಮೀಟರಿಗೂ ಮೇಲೆ. ಅಂದರೆ ಪೂರ್ತಿ ಮುಳುಗಲು ಅದು 37 ಟನ್ನಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಪೆಟ್ಟಿಗೆಯೂ ಸಾಮಾನೂ ಸೇರಿ ಅಷ್ಟು ತೂಕ ಇಲ್ಲದಿದ್ದರೆ ನೀರು ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಆರ್ಕಿಮಿಡೀಸ್ ಹೇಳಿದ ನಿಯಮವೇ ಇದು. ಸಾವಿರಾರು ಕಂಟೇನರ್ ಹೊತ್ತ ಹಡಗು ತೇಲುವುದೂ ಇದೇ ನಿಯಮದ ಮೇಲೆ.

ಒಳಗೇ ಸುರಿಯುವ ಮಳೆ

ಸಮುದ್ರದಲ್ಲಿ ಸಾಮಾನಿಗೆ ಅಲೆಗಿಂತ ಹೆಚ್ಚಿನ ಕಾಟ ಕೊಡುವುದು ತೇವ. ಹಗಲಲ್ಲಿ ಕಂಟೇನರ್ ಕಾಯುತ್ತದೆ, ಒಳಗಿನ ರಟ್ಟು, ಮರಗಳಲ್ಲಿದ್ದ ತೇವ ಆವಿಯಾಗುತ್ತದೆ. ರಾತ್ರಿ ಉಕ್ಕಿನ ಚಾವಣಿ ತಣ್ಣಗಾದಾಗ ಆ ಆವಿ ಅಲ್ಲಿ ಹನಿಗಟ್ಟಿ ತೊಟತೊಟನೆ ಕೆಳಗೆ ಬೀಳುತ್ತದೆ. ಸಾಗಣೆಯವರು ಇದನ್ನು 'ಕಂಟೇನರ್ ಮಳೆ' ಎನ್ನುತ್ತಾರೆ. ಅದಕ್ಕೇ ಒಳಗೆ ತೇವ ಹೀರುವ ಉಪ್ಪಿನ ಚೀಲಗಳನ್ನು ತೂಗುಹಾಕುವುದು. ಫ್ರಿಜ್ಜನ್ನು ಮೊದಲೇ ಒರೆಸಿ, ಬಾಗಿಲು ತೆರೆದಿಟ್ಟು ಚೆನ್ನಾಗಿ ಒಣಗಿಸದಿದ್ದರೆ ಒಳಗೆಲ್ಲ ಬೂಷ್ಟು.

ಮುಂಬಾಗಿಲಿನ ವಾಷಿಂಗ್ ಮಷಿನ್ನಿನದು ಬೇರೆ ಕಥೆ. ಅದರ ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಬಟ್ಟೆ ಹಿಂಡುವಾಗ ಅದು ಎಗರಾಡಬಾರದೆಂದು ಹಲವು ಮಷಿನ್ನುಗಳಲ್ಲಿ ಭಾರದ ಕಾಂಕ್ರೀಟ್ ದಿಂಡನ್ನೂ ಕಟ್ಟಿರುತ್ತಾರೆ. ಹಡಗು ಹೊಯ್ದಾಡುವಾಗ ಇಷ್ಟು ಭಾರ ಅತ್ತಿತ್ತ ಬಡಿದರೆ ಸ್ಪ್ರಿಂಗು ಉಳಿಯುವುದಿಲ್ಲ. ಆದ್ದರಿಂದ ಹಿಂಬದಿಯಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟು ಹಾಕಿ ಡ್ರಮ್ಮನ್ನು ಬಿಗಿಯುತ್ತಾರೆ. ಊರು ಸೇರಿದ ಮೇಲೆ ಅವನ್ನು ಬಿಚ್ಚಲು ಮರೆತು ಚಾಲೂ ಮಾಡಿದರೆ ಇಡೀ ಮಷಿನ್ನೇ ಕುಣಿಯುತ್ತದೆ!

ಊರಿಗೊಂದು ಕರೆಂಟು

ಸರಿ, ಎಲ್ಲವೂ ಜೋಪಾನವಾಗಿ ಬೆಂಗಳೂರು ಸೇರಿದವು ಎನ್ನೋಣ. ಪ್ಲಗ್ ಹಾಕಬಹುದೇ? ನಿಲ್ಲಿ, ನಿಲ್ಲಿ!

ಲಾಸ್ ಆಲ್ಟೋಸ್‌ನ ಮನೆಗಳ ಸಾಮಾನ್ಯ ಪ್ಲಗ್ಗಿನಲ್ಲಿ 120 ವೋಲ್ಟ್, ನಮ್ಮಲ್ಲಿ 230. ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಒತ್ತಡ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರು ರಭಸವಾಗಿ ಬರುವ ಹಾಗೆ. ಒತ್ತಡ ಎರಡರಷ್ಟಾದರೆ ಹರಿಯುವ ಕರೆಂಟೂ ಎರಡರಷ್ಟಾಗುತ್ತದೆ, ಶಾಖ ನಾಲ್ಕರಷ್ಟಾಗುತ್ತದೆ. ಅಲ್ಲಿಯ ಟೋಸ್ಟರನ್ನು ಇಲ್ಲಿ ಹಾಗೇ ಚುಚ್ಚಿದರೆ ಬ್ರೆಡ್ಡಿನ ಜೊತೆ ಟೋಸ್ಟರೂ ಸುಟ್ಟೀತು.

ಇದಕ್ಕೆ ಮದ್ದು ಟ್ರಾನ್ಸ್‌ಫಾರ್ಮರ್. ಕಬ್ಬಿಣದ ಮೇಲೆ ಎರಡು ತಂತಿ ಸುರುಳಿ ಸುತ್ತಿ, ಸುತ್ತುಗಳ ಎಣಿಕೆಯನ್ನು ಹೆಚ್ಚುಕಮ್ಮಿ ಮಾಡಿ ಅದು ವೋಲ್ಟನ್ನು ಇಳಿಸುತ್ತದೆ. ಆದರೆ ಇನ್ನೊಂದು ಸಂಗತಿ ಅದರ ಕೈಗೂ ಸಿಗುವುದಿಲ್ಲ. ಅದೇ ಕರೆಂಟಿನ ತಾಳ. ಮನೆಯ ತಂತಿಯಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಹೊಯ್ದಾಡುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಸಲ, ನಮ್ಮಲ್ಲಿ 50 ಸಲ. ಇದನ್ನು 60 ಹರ್ಟ್ಸ್, 50 ಹರ್ಟ್ಸ್ ಎನ್ನುತ್ತೇವೆ. ಟ್ರಾನ್ಸ್‌ಫಾರ್ಮರ್ ಒಳಗೆ ಬಂದ ತಾಳವನ್ನೇ ಹೊರಗೂ ಕೊಡುತ್ತದೆ.

ಈ ತಾಳ ನಂಬಿ ನಡೆಯುವ ಹಳೆಯ ಕಾಲದ ಪ್ಲಗ್ ಗಡಿಯಾರವೊಂದನ್ನು ಅಮೆರಿಕದಿಂದ ತಂದಿರೆಂದುಕೊಳ್ಳಿ. ಅದು 3600 ಹೊಯ್ದಾಟ ಎಣಿಸಿ ಒಂದು ನಿಮಿಷ ಎನ್ನುತ್ತದೆ. ಇಲ್ಲಿ ನಿಮಿಷಕ್ಕೆ ಸಿಗುವುದು 3000 ಮಾತ್ರ. ಬೆಳಿಗ್ಗೆ 8ಕ್ಕೆ ಸರಿಮಾಡಿಟ್ಟರೆ, 9 ಗಂಟೆಗೆ ಅದು 8:50 ತೋರಿಸುತ್ತದೆ. ರಾತ್ರಿ 8ಕ್ಕೆ ಅದರ ಪ್ರಕಾರ ಇನ್ನೂ ಸಂಜೆ 6! ಹಳೆಯ ಬಗೆಯ ಫ್ರಿಜ್ಜಿನ ಮೋಟಾರೂ ಹಾಗೆಯೇ ನಿಧಾನವಾಗುತ್ತದೆ. ಅದರ ಕಬ್ಬಿಣ ಹೆಚ್ಚು ಬಿಸಿಯಾಗಲೂಬಹುದು.

ಅತ್ತ ಕಡೆಯ ಕಥೆಯೂ ಇದೇ. ಇಲ್ಲಿಯ ಇಡ್ಲಿ ಹಿಟ್ಟಿನ ಗ್ರೈಂಡರನ್ನು ಲಾಸ್ ಆಲ್ಟೋಸ್‌ನ ಪ್ಲಗ್ಗಿಗೆ ಹಾಕಿದರೆ ಕಲ್ಲು ತಿರುಗಿಸುವಷ್ಟು ಬಲ ಅದಕ್ಕೆ ಸಿಗದು. ಅದಕ್ಕೇ ಅಮೆರಿಕದ ಅಡುಗೆಮನೆಗಳಿಗೆಂದೇ 110 ವೋಲ್ಟಿನ ಮಿಕ್ಸಿ, ಗ್ರೈಂಡರುಗಳು ಭಾರತದಲ್ಲಿ ತಯಾರಾಗುತ್ತವೆ.

ಒಂದೇ ತಾಳ ಏಕಿಲ್ಲ? ಕರೆಂಟು ಹೊಸದಾಗಿ ಬಂದಾಗ ಯಂತ್ರ ಕಟ್ಟುವವರು ತಮತಮಗೆ ಒಗ್ಗಿದ್ದನ್ನು ಆರಿಸಿಕೊಂಡರು. ಅಮೆರಿಕದ ವೆಸ್ಟಿಂಗ್‌ಹೌಸ್ 60 ಎಂದಿತು, ಜರ್ಮನಿಯ ಎಇಜಿ 50 ಎಂದಿತು. ನಮ್ಮ ಶಿವನಸಮುದ್ರದ ವಿದ್ಯುತ್ ಕೇಂದ್ರದ್ದು ಇನ್ನೂ ಬೇರೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಅವೂ ಕಡಲು ದಾಟಿಯೇ ಬಂದವು. ಸ್ಥಳಕ್ಕೆ ಸಾಗಿಸಲು ಆನೆ, ಕುದುರೆಗಳು ಬೇಕಾದವು. ಆ ಯಂತ್ರಗಳ ತಾಳ ಸೆಕೆಂಡಿಗೆ 25! ಯಂತ್ರ, ತಂತಿ, ಮೋಟಾರು ಎಲ್ಲ ಒಂದೇ ತಾಳಕ್ಕೆ ಹೊಂದಿಕೊಂಡಿದ್ದರಿಂದ ಕೆಲಸ ಸರಾಗವಾಗಿ ನಡೆಯಿತು. ಒಂದು ದೇಶ ತನ್ನ ತಾಳಕ್ಕೆ ತಕ್ಕ ಯಂತ್ರಗಳನ್ನು ಊರೂರಿಗೆ ಹಾಕಿಕೊಂಡ ಮೇಲೆ ಅದನ್ನು ಬದಲಾಯಿಸುವುದು ಬಲು ಕಷ್ಟ.

ನೀವೇ ಪತ್ತೇದಾರರು

ದೊಡ್ಡವರ ಜೊತೆ ಸೇರಿ, ಪ್ಲಗ್ ತೆಗೆದು, ಮನೆಯ ಒಂದೊಂದು ಯಂತ್ರದ ಹಿಂದೆ ಅಂಟಿಸಿದ ಚೀಟಿ ಓದಿ. ಮುಚ್ಚಳ ಮಾತ್ರ ಬಿಚ್ಚಬೇಡಿ. ಮೊಬೈಲ್ ಅಥವಾ ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ. ಅದು ಬಂದ ಕರೆಂಟನ್ನು ಮೊದಲು ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳುವುದರಿಂದ ಹೊರಗಿನ ತಾಳ ಯಾವುದಾದರೂ ಅದಕ್ಕೆ ಚಿಂತೆಯಿಲ್ಲ. 230 ವೋಲ್ಟ್, 50 ಹರ್ಟ್ಸ್ ಎಂದಷ್ಟೇ ಬರೆದ ಯಂತ್ರಗಳು ನಮ್ಮ ಊರಿನ ತಾಳಕ್ಕೆ ಹುಟ್ಟಿದವು. ಎರಡು ಪಟ್ಟಿ ಮಾಡಿ: ಕಡಲು ದಾಟಬಲ್ಲವು, ಇಲ್ಲೇ ಇರಬೇಕಾದವು. ನಾಳೆ ಹೊರದೇಶದಿಂದ ಯಾರ ಮನೆಗಾದರೂ ಯಂತ್ರ ಬಂದರೆ, ಪ್ಲಗ್ ಹಾಕುವ ಮೊದಲು ಅದರ ಚೀಟಿ ಓದಿ ಹೇಳುವವರು ನೀವೇ ಆಗಬಹುದು.