ಹೊಸ ಫೋನು, ತಾಯಿಯ ಧ್ವನಿ



ಕಳೆದ ತಿಂಗಳು ಶಿಕಾರಿಪುರದ ಭಕ್ತರೊಬ್ಬರು ಮಠಕ್ಕೆ ಹೊಸ ಸ್ಮಾರ್ಟ್‌ಫೋನನ್ನು ತಂದು ಒಪ್ಪಿಸಿದರು. ಸಂತೋಷದಿಂದ ಸ್ವೀಕರಿಸಿದೆವು. ಆ ಸಂತೋಷ ಅರ್ಧ ದಿನವೂ ನಿಲ್ಲಲಿಲ್ಲ. ಪಾಸ್‌ವರ್ಡ್ ಕೇಳುವುದು, ಕೊಟ್ಟರೆ ತಪ್ಪೆನ್ನುವುದು! ದಾಸೋಹದ ಅಕ್ಕಿಗೆ ಹಣ ಕಳಿಸಹೋದರೆ ಯುಪಿಐ ಸಿಮ್ಮನ್ನು ಮತ್ತೆ ಮೊದಲಿನಿಂದ ಪರೀಕ್ಷಿಸತೊಡಗಿತು. ನಮ್ಮ ಖಾತೆ ಕಳ್ಳನ ಫೋನಿನಲ್ಲಿ ತೆರೆಯಬಾರದೆಂದು ಮಾಡಿದ ಕಟ್ಟು ಅದು. ತಿಳಿದಿದ್ದೂ ಮಠದ ಹುಡುಗನನ್ನು ಗದರಿದೆವು. ನಿಮಗೆ ಶಾಂತಿಯನ್ನು ಬೋಧಿಸುವ ಬಾಯಿ ಇದೇ. ಹುಡುಗ ಅತ್ತುಬಿಟ್ಟ.

ಅದೇ ಸಂಜೆ ಸೊರಬದ ಕಡೆಯ ರೈತರೊಬ್ಬರು ಬಂದರು. ಅವರೂ ಫೋನು ಬದಲಿಸಿದ್ದರು. ಅಂಗಡಿಯವರು ಹಳೆಯದನ್ನು ಅಳಿಸಿ, ಬೆಲೆ ಮುರಿದುಕೊಂಡು ಇಟ್ಟುಕೊಂಡಿದ್ದರು. ಅದರ ವಾಟ್ಸ್‌ಆ್ಯಪಿನಲ್ಲಿ ತೀರಿಹೋದ ತಾಯಿಯ ಧ್ವನಿಯಿತ್ತು. ನಂಬರು ಅದೇ ಇದ್ದರೆ ಎಲ್ಲವೂ ತಾನಾಗಿ ಬರುವುದೆಂದು ಅವರು ತಿಳಿದಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು. ಹಳೆಯ ಮಾತುಗಳು ಇರುವುದು ಆ ಫೋನಿನೊಳಗೆ. ಬ್ಯಾಕಪ್ ಇಡದೆ, ವರ್ಗಾಯಿಸದೆ ಹೊಸದಕ್ಕೆ ಬಾರವು. ನಮ್ಮ ತಾಳಗುಂದದ ಕಂಬದಲ್ಲಿ ಕದಂಬರ ಕವಿ ಕುಬ್ಜನ ಅಕ್ಷರ ಸುಮಾರು 1500 ವರ್ಷ ನಿಂತಿದೆ. ಆ ತಾಯಿಯ ಮಾತು ಒಂದು ಮಧ್ಯಾಹ್ನದಲ್ಲಿ ಹೋಯಿತು.

ಏನು ಹೇಳಬೇಕೆಂದು ನಮಗೆ ತೋಚಲಿಲ್ಲ. ಬಾಗಿಲ ಬಳಿ ನಿಂತಿದ್ದ ಹುಡುಗನೇ ಕೇಳಿದ: “ಮನೆಯವರ ಗ್ರೂಪಿಗೆ ಹಾಕಿದ್ದರೆ ಉಳಿದವರ ಫೋನಿನಲ್ಲಿ ಇರುತ್ತಲ್ಲ, ಬುದ್ಧಿ?”

ಆನವಟ್ಟಿಯ ತಂಗಿಯ ಬಳಿ ಒಂದು ಸಿಕ್ಕಿತು. ಒಂದೇ ಒಂದು. “ಊಟ ಆತೇನಪ್ಪಾ, ಗದ್ದೆಗೆ ನೀರು ಬಂತಾ?” ಅವರು ಮೂರು ಸಲ ಕೇಳಿದರು. ನಾವು ಹುಡುಗನನ್ನು ಹತ್ತಿರ ಕರೆದು, ತಪ್ಪಾಯಿತು ಎಂದೆವು.

ಹಳೆಯ ಫೋನನ್ನು ಅಂಗಡಿಗೆ ಕೊಡುವವರು ಒಂದು ವಾರ ತಡೆಯಿರಿ. ದಾಸೋಹ ಮುಗಿದ ಮೇಲೆ ಬಂದರೆ ಈ ಹುಡುಗ ಬ್ಯಾಕಪ್ ಮಾಡಿಕೊಡುತ್ತಾನೆ. ಅವನನ್ನು ಗದರಬೇಡಿ.