ಥೈರಾಯ್ಡ್ ಮಾತ್ರೆ ನುಂಗುವವರಿಗೆ ಎರಡು ಮಾತು
(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)

ಇಪ್ಪತ್ತೈದು ವರ್ಷದಿಂದ ಬೆಳಗ್ಗೆ ಸಂಜೆ ಹಾಲು ತಂದು ಹಾಕಿ ಈ ಸಂಘವನ್ನು ಉಳಿಸಿದ ತಾಯಂದಿರೇ,

ಫ್ಯಾಟಿನ ಬಗ್ಗೆ, ಪಶು ಆಹಾರದ ಬಗ್ಗೆ ಮಾತಾಡಿ ಅಂದಿದ್ದರೆ ನಮಗೆ ಸುಲಭವಿತ್ತು. ಥೈರಾಯ್ಡ್ ಬಗ್ಗೆ ಮಾತಾಡಿ ಅಂದಿದ್ದಾರೆ. ನಾವು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಓದಿದ ಒಕ್ಕಲು ಮಕ್ಕಳು. ಆದರೆ ನಮ್ಮ ಮನೆಯವರು ಹನ್ನೊಂದು ವರ್ಷದಿಂದ ಈ ಮಾತ್ರೆ ತಗೋತಾ ಇದ್ದಾರೆ. ಅವರ ರಿಪೋರ್ಟು ಹಿಡಿದು ಮೈಸೂರಿಗೆ ಓಡಾಡಿ, ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇವೆ.

ಕುತ್ತಿಗೆಯ ಮುಂದುಗಡೆ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದು ಬಿಡುವ ರಸ ಕಡಿಮೆಯಾದರೆ ಸುಸ್ತು, ಮೈ ಭಾರ, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನ ಏರುಪೇರು. ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಅಂತ ಬರೆದಿರುತ್ತಾರಲ್ಲ, ಅದು ಆ ರಸವಲ್ಲ. ಮಿದುಳಿನ ಬುಡದಲ್ಲಿರುವ ಇನ್ನೊಂದು ಗ್ರಂಥಿ ಹಾಕುವ ಕೂಗು. ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲ ಅಂದರೆ ರೈತ ಏನು ಮಾಡ್ತಾನೆ? ನೀರುಗಂಟಿಯನ್ನು ಕೂಗ್ತಾನೆ. ನೀರು ಕಡಿಮೆಯಾದಷ್ಟೂ ಕೂಗು ಜೋರು, ನೀರು ಸಾಕಾದರೆ ಕೂಗು ತಣ್ಣಗಾಗುತ್ತೆ. ಹಾಗೇ ಇದು. ಟಿ.ಎಸ್.ಎಚ್. ಜಾಸ್ತಿ ಇದೆ ಅಂದರೆ ಥೈರಾಯ್ಡ್ ರಸ ಕಡಿಮೆ ಇದೆ ಅಂತ ಅರ್ಥ. ನಮ್ಮೂರಲ್ಲಿ ಅರ್ಧ ಜನ ಇದನ್ನು ತಿರುಗಾಮುರುಗಾ ತಿಳಿದಿದ್ದಾರೆ. ಸುಮಾರು 0.4ರಿಂದ 4ರವರೆಗೆ ಸರಿ ಅನ್ನುತ್ತಾರೆ; ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ, ವಯಸ್ಸಾದವರಿಗೆ ಕೊಂಚ ಜಾಸ್ತಿಯಿದ್ದರೂ ನಡೆಯುತ್ತೆ. ಹೋದ ಸಲ 2.1 ಇತ್ತು, ಈ ಸಲ 2.9 ಆಯ್ತು ಅಂತ ಗಾಬರಿ ಬೀಳಬೇಡಿ. ಒಂದೇ ದಿನದಲ್ಲೇ ಅದು ಏರಿಳಿಯುತ್ತೆ.

ಇನ್ನೊಂದು ಮುಖ್ಯ ವಿಷಯ. ರಿಪೋರ್ಟು ಸರಿ ಬಂತು ಅಂದರೆ ಕಾಯಿಲೆ ಹೋಯ್ತು ಅಂತಲ್ಲ, ಮಾತ್ರೆ ಕೆಲಸ ಮಾಡ್ತಾ ಇದೆ ಅಂತ. ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು 'ನಾರ್ಮಲ್ ಬಂತಲ್ಲ' ಅಂತ ಮಾತ್ರೆ ಬಿಟ್ಟಳು. ಆರು ತಿಂಗಳಲ್ಲಿ ಮುಖ ಊದಿಕೊಂಡು, ಹಾಲು ಕರೆಯಲು ಕುಳಿತರೆ ಏಳಲಾಗದ ಸ್ಥಿತಿಗೆ ಬಂದಳು. 1891ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಮರ್ರೆ ಅನ್ನುವವರು ಕುರಿಯ ಥೈರಾಯ್ಡಿನ ರಸವನ್ನು ಒಬ್ಬ ಹೆಂಗಸಿಗೆ ಚುಚ್ಚಿ ಕೊಟ್ಟರಂತೆ. ಆಕೆ ಜೀವನವಿಡೀ ಅದನ್ನು ಬಿಡದೆ ತೆಗೆದುಕೊಂಡು, ಮುಂದೆ 28 ವರ್ಷ ಬದುಕಿದರು. ನಮಗೆ ಕುರಿ ಬೇಡ, ಸಾಸಿವೆಯಷ್ಟು ಮಾತ್ರೆ ಸಾಕು.

ಈಗ ಮಾತ್ರೆಯ ವೇಳೆ. ಇಲ್ಲೇ ನಮ್ಮವರು ಎಡವುವುದು. ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಬೇಕು, ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಕುಡಿಯಬಾರದು. ಕಾಫಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾಲ್ಕೂವರೆಗೆ ಎದ್ದು ಕಾಫಿ ಕುಡಿಯದೆ ಕೊಟ್ಟಿಗೆಗೆ ಹೋಗುವವರು ನಮ್ಮಲ್ಲಿ ಎಷ್ಟು ಜನ? ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಎದ್ದ ತಕ್ಷಣ ಮಾತ್ರೆ, ಆಮೇಲೆ ಬಕೆಟ್ಟು. ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಒಂದು ಗಂಟೆ ಆಗಿರುತ್ತೆ, ಆಗ ಕಾಫಿ. ಬೆಳಗ್ಗೆ ಆಗೋದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತಗೋಬಹುದಾ ಅಂತ ಡಾಕ್ಟರನ್ನು ಕೇಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಆಸ್ಪತ್ರೆಯಲ್ಲಿ ಎಲ್ಲಾ ಒಂದೇ ಕವರಿಗೆ ಹಾಕಿ ಕೊಡ್ತಾರೆ, ನಾವು ಎಲ್ಲಾ ಒಟ್ಟಿಗೆ ನುಂಗ್ತೀವಿ. ಮಾತ್ರೆಯ ಸೀಸೆಯನ್ನು ಒಲೆಯ ಪಕ್ಕ ಇಡಬೇಡಿ, ಬಿಸಿಗೆ ಸತ್ವ ಹೋಗುತ್ತೆ.

ಪ್ರಮಾಣ ಬದಲಾಯಿಸಿದರೆ ಆರರಿಂದ ಎಂಟು ವಾರ ಬಿಟ್ಟೇ ಪರೀಕ್ಷೆ ಮಾಡಿಸಿ. ಈ ಔಷಧ ಮೈಯಲ್ಲಿ ಅರ್ಧ ಕರಗಲು ಒಂದು ವಾರ ಬೇಕು. ಹದಿನೈದು ದಿನಕ್ಕೇ ಲ್ಯಾಬಿಗೆ ಓಡಿದರೆ ದುಡ್ಡು ದಂಡ.

ಇಷ್ಟೆಲ್ಲಾ ಸರಿ ಮಾಡಿದರೂ 'ರಿಪೋರ್ಟು ಸರಿ ಇದೆ, ಸುಸ್ತು ಮಾತ್ರ ಹಾಗೇ ಇದೆ' ಅನ್ನುವವರು ಇದ್ದಾರೆ. ಹತ್ತರಿಂದ ಇಪ್ಪತ್ತು ಜನಕ್ಕೆ ಒಬ್ಬರಿಗಾದರೂ ಹೀಗಾಗುತ್ತೆ ಅಂತ ಡಾಕ್ಟರುಗಳೇ ಒಪ್ಪುತ್ತಾರೆ. ಅದು ನಾಟಕವಲ್ಲ. ಹಸು ಅರ್ಧ ಲೀಟರ್ ಹಾಲು ಕಮ್ಮಿ ಮಾಡಿದರೆ ಡಾಕ್ಟರನ್ನ ಮನೆಗೇ ಕರೆಸ್ತೀವಿ, ಮನೆ ಹೆಂಗಸು ಸುಸ್ತು ಅಂದರೆ ಕೆಲಸಗಳ್ಳಿ ಅಂತೀವಿ. ಗಂಡಸರೂ ಹಿಂದೆ ನಿಂತು ಕೇಳ್ತಾ ಇದ್ದೀರಿ, ಅದಕ್ಕೇ ಹೇಳಿದ್ದು. ಸುಸ್ತಿಗೆ ರಕ್ತಹೀನತೆ ಇರಬಹುದು, ಬಿ-12 ಕೊರತೆ, ವಿಟಮಿನ್ ಡಿ ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಗೇಡು, ಮುಟ್ಟು ನಿಲ್ಲುವ ವಯಸ್ಸು, ಮನಸ್ಸಿನ ಕೊರಗು ಇರಬಹುದು. ನಮ್ಮ ಮನೆಯವರಿಗೆ ಎರಡು ವರ್ಷ ಥೈರಾಯ್ಡನ್ನೇ ಬೈದದ್ದಾಯಿತು, ಕೊನೆಗೆ ನೋಡಿದರೆ ಹಿಮೋಗ್ಲೋಬಿನ್ 8 ಇತ್ತು. ಸುಸ್ತು ಅಂತ ನೀವೇ ಮಾತ್ರೆ ಹೆಚ್ಚು ಮಾಡಿಕೊಳ್ಳಬೇಡಿ. ಜಾಸ್ತಿಯಾದರೆ ಎದೆ ಡವಡವ, ಮೂಳೆ ಸವೆತ; ವಯಸ್ಸಾದವರ ಹೃದಯಕ್ಕೆ ಅಪಾಯ.

ಉಪ್ಪಿನ ಮಾತೂ ಬರುತ್ತೆ. ಗಳಗಂಡ ತಡೆಯುವ ಕಾರ್ಯಕ್ರಮ ನಮ್ಮ ದೇಶದಲ್ಲಿ 1962ರಲ್ಲೇ ಶುರುವಾಯಿತು. ಅಯೋಡಿನ್ ಉಪ್ಪು ಬೇಕೇ ಬೇಕು. ಆದರೆ ಈಗ ನಮ್ಮಲ್ಲಿ ಕಾಣುವ ಥೈರಾಯ್ಡ್ ತೊಂದರೆ ಬಹಳಷ್ಟು ಜನಕ್ಕೆ ಉಪ್ಪಿನ ಕೊರತೆಯಿಂದಲ್ಲ, ಮೈಯ ರಕ್ಷಣಾ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದರಿಂದ. ಉಪ್ಪು ಜಾಸ್ತಿ ತಿಂದರೆ ವಾಸಿಯಾಗಲ್ಲ.

ಬಸುರಿಯರಿಗೆ ಒಂದು ಮಾತು. ಮೊದಲ ಮೂರು ತಿಂಗಳು ಮಗುವಿಗೆ ತಾಯಿಯ ರಸವೇ ಆಧಾರ. ಮಾತ್ರೆ ತಗೋತಾ ಇರುವವರು ಮುಟ್ಟು ನಿಂತ ಕೂಡಲೇ ಚೆಲುವಾಂಬ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಹೋಗಿ, ಪ್ರಮಾಣ ಹೆಚ್ಚು ಮಾಡಬೇಕಾಗುತ್ತೆ. ಐದು ತಿಂಗಳಾಗಲಿ ಅಂತ ಕಾಯಬೇಡಿ.

ಖರ್ಚಿನ ಪ್ರಶ್ನೆ ಬಂತು. ನಮ್ಮ ಸಹಕಾರಿಗಳ ಯಶಸ್ವಿನಿ ಯೋಜನೆ 2003ರಲ್ಲಿ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾಯಿತು. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗೆ. ದಿನಾ ನುಂಗುವ ಮಾತ್ರೆ, ರಕ್ತ ಪರೀಕ್ಷೆ ನಮ್ಮ ಜೇಬಿನಿಂದಲೇ. ಆದ್ದರಿಂದ ಸಂಘದ ಲಾಭದ ಹಣದಲ್ಲಿ ಹಾಲು ಹಾಕುವ ಪ್ರತಿ ಮಹಿಳಾ ಸದಸ್ಯರಿಗೆ ವರ್ಷಕ್ಕೊಂದು ಸಲ ಟಿ.ಎಸ್.ಎಚ್. ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ನಾವು ಅರ್ಜಿ ಇಟ್ಟಿದ್ದೇವೆ. ವಾರ್ಷಿಕ ಮಹಾಸಭೆಯಲ್ಲಿ ಆ ವಿಷಯ ಬಂದಾಗ ತಾಯಂದಿರು ಹಿಂದಿನ ಸಾಲಿನಲ್ಲಿ ಕೂರದೆ ಮುಂದೆ ಬಂದು ಕೈ ಎತ್ತಬೇಕು. ಹಳೇ ರಿಪೋರ್ಟುಗಳನ್ನು ಬಿಸಾಕದೆ ಒಂದು ಫೈಲಿಗೆ ಹಾಕಿ ಆ ದಿನ ತನ್ನಿ.