ಐದು ತಾಲ್ಲೂಕು, ಒಂದು ಚೆಂಡು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ವಿದ್ಯೆಯ ಸಭೆಯಲ್ಲಿ ಆಟದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಆಟದ ಪೀರಿಯಡ್ ಕೇಳಿ ಪಡೆದು ವ್ಯಾಕರಣ ಮಾಡಿಸುತ್ತಿದ್ದೆ. ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಸಾಧಾರಣ. ಆದರೆ ಅವಳು ಚೆಂಡು ಎಸೆದರೆ ಹಿಡಿಯಲು ಹುಡುಗರೂ ಹೆದರುತ್ತಿದ್ದರು. ಎಂಟನೆಯ ತರಗತಿಗೆ ಬಂದಾಗ, "ಇನ್ನು ಆಟ ಸಾಕಮ್ಮ, ಓದಿನ ಕಡೆ ಗಮನ ಕೊಡು" ಎಂದು ಹೇಳಿದವನು ನಾನೇ. ಆಟ ನಿಂತಿತು. ಕೆಲವು ತಿಂಗಳಲ್ಲಿ ಶಾಲೆಗೆ ಬರುವುದೂ ನಿಂತಿತು. ಆಮೇಲೆ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿದೆ. ಆಟದ ಪೀರಿಯಡ್ ಇದ್ದ ದಿನ ಆ ಹುಡುಗಿ ಒಮ್ಮೆಯೂ ಗೈರುಹಾಜರಾಗಿರಲಿಲ್ಲ. ಅವಳನ್ನು ಶಾಲೆಗೆ ಕರೆತರುತ್ತಿದ್ದ ದಾರಿಯನ್ನು ನಾನೇ ಮುಚ್ಚಿದ್ದೆ.

ಇಂಥ ಮಕ್ಕಳಿಗಾಗಿ ಊರಿನ ಜನ ಏನು ಮಾಡಬಹುದು? ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಹಿರಿಯರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದರು. ಆ ವರ್ಷ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಇದರ ಗುಟ್ಟೇನು? ಪ್ರತಿ ವರ್ಷ ಒಂದೊಂದು ಮನೆತನ ಆತಿಥ್ಯದ ಹೊಣೆ ಹೊರುತ್ತದೆ. ಕಪ್‌ಗೆ ಆ ಮನೆತನದ ಹೆಸರೇ ಇರುತ್ತದೆ. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಂದೇ ತಂಡದಲ್ಲಿ ಆಡುತ್ತಾರೆ. 2018ರ ಭೂಕುಸಿತ, ಆಮೇಲೆ ಕೊರೊನಾ ಎಂದು ನಾಲ್ಕು ವರ್ಷ ಹಬ್ಬ ನಿಂತಿತ್ತು. 2023ರಲ್ಲಿ ಮತ್ತೆ ನಡೆಯಿತು. ಹೊಣೆ ಒಬ್ಬರ ಹೆಗಲ ಮೇಲೆ ಮಾತ್ರ ಇದ್ದಿದ್ದರೆ ಮತ್ತೆ ಏಳುವುದು ಕಷ್ಟವಾಗುತ್ತಿತ್ತು.

ಸ್ಥಳೀಯರು ಮನಸ್ಸು ಮಾಡಿದರೆ ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸ್ವೀಡನ್ ದೇಶದಲ್ಲೊಂದು ಉದಾಹರಣೆ ಇದೆ. ಗೋಥೆನ್‌ಬರ್ಗ್ ನಗರದ ಪಕ್ಕದ ಪಾರ್ಟಿಲೆ ಎಂಬ ಊರಿನ ಸೆವೆಹೋಫ್ ಎಂಬ ಕ್ಲಬ್ 1970ರಿಂದ ಮಕ್ಕಳ ಮತ್ತು ಯುವಜನರ ಹ್ಯಾಂಡ್‌ಬಾಲ್ ಪಂದ್ಯಾವಳಿ ನಡೆಸುತ್ತ ಬಂದಿದೆ. ಹೆಸರು ಪಾರ್ಟಿಲೆ ಕಪ್. ಇಂದು ಹತ್ತಾರು ದೇಶಗಳಿಂದ ಸಾವಿರಕ್ಕೂ ಹೆಚ್ಚು ತಂಡಗಳು ಬರುತ್ತವೆ. ಇಷ್ಟು ಮಕ್ಕಳು ಮಲಗುವುದೆಲ್ಲಿ ಗೊತ್ತೇ? ರಜೆಯಲ್ಲಿ ಖಾಲಿ ಇರುವ ಶಾಲಾ ಕೊಠಡಿಗಳಲ್ಲಿ! ನಮ್ಮಲ್ಲಿ ಖಾಲಿ ಕೊಠಡಿಗಳಿಲ್ಲವೇ? ಅತಿಥಿ ಸತ್ಕಾರವನ್ನಂತೂ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೊಟ್ಟೂರಿನ ರಥೋತ್ಸವಕ್ಕೆ ಪಾದಯಾತ್ರೆ ಬರುವವರಿಗೆ ದಾರಿಯುದ್ದಕ್ಕೂ ಊರಿನವರು ನೀರು, ಊಟ ಕೊಡುವುದನ್ನು ನೀವೆಲ್ಲ ಕಂಡಿದ್ದೀರಿ. ಪೀರಲ ಹಬ್ಬದಲ್ಲಿ ಅಲಾಯಿ ಕುಣಿಯ ಸುತ್ತ ಊರಿಗೆ ಊರೇ ಸೇರುತ್ತದೆ.

ನಾವೂ ಹ್ಯಾಂಡ್‌ಬಾಲನ್ನೇ ಆರಿಸಿಕೊಳ್ಳೋಣ ಎಂಬುದು ನನ್ನ ಸಲಹೆ. ಈ ಆಟಕ್ಕೆ ಬೇಕಾದದ್ದು 40 ಮೀಟರ್ ಉದ್ದ, 20 ಮೀಟರ್ ಅಗಲದ ಸಮತಟ್ಟಾದ ನೆಲ, ಸುಣ್ಣದ ಗೆರೆ, ಒಂದು ಚೆಂಡು ಮತ್ತು ಎರಡು ಗೋಲು. ಗೋಲಿನ ಅಗಲ 3 ಮೀಟರ್, ಎತ್ತರ 2 ಮೀಟರ್. ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಆದರೆ ಮಕ್ಕಳ ಮೇಲೆ ಬೀಳದಂತೆ ನೆಲಕ್ಕೆ ಭದ್ರವಾಗಿ ಬಿಗಿಯಬೇಕು. ಒಂದು ತಂಡದಲ್ಲಿ ಗೋಲಿ ಸೇರಿ ಏಳು ಜನ. ಚೆಂಡು ಕೈಯಲ್ಲಿಟ್ಟುಕೊಂಡು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ. ಸ್ವಾರ್ಥಿಗೆ ಈ ಆಟದಲ್ಲಿ ಜಾಗವಿಲ್ಲ, ಜೊತೆಗಾರರಿಗೆ ಕೊಡಲೇಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಿಂದ ಇಂದಿನ ಏಳು ಜನರ ಆಟ ಒಲಿಂಪಿಕ್ಸ್‌ನಲ್ಲಿದೆ. ಮಹಿಳೆಯರಿಗೆ 1976ರಲ್ಲಿ ಅವಕಾಶ ಸಿಕ್ಕಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟ ಮೊದಲ ಬಾರಿಗೆ ಸೇರಿತು. ಈಜಿಪ್ಟ್, ಟುನೀಶಿಯಾ ದೇಶಗಳು ಇದರಲ್ಲಿ ದೊಡ್ಡ ಹೆಸರು ಮಾಡಿವೆ. 2015ರ ಪುರುಷರ ವಿಶ್ವ ಚಾಂಪಿಯನ್‌ಷಿಪ್ ನಡೆಸಿಕೊಟ್ಟ ಕತಾರ್ ತಾನೇ ಫೈನಲ್ ತಲುಪಿತು.

ಹೆಣ್ಣುಮಕ್ಕಳ ಮಾತು ಬಂದಾಗ ನಾವು ಸುಮ್ಮನಾಗುತ್ತೇವೆ. ಸುಮ್ಮನಿರುವುದು ಬೇಡ. ಪ್ರವಾದಿ ಮುಹಮ್ಮದ್ (ಸ) ಅವರು ಹ. ಆಯಿಶಾ (ರ) ಅವರೊಂದಿಗೆ ಓಟದ ಪಂದ್ಯ ಓಡಿದ್ದು ಅಬೂ ದಾವೂದ್ ಹದೀಸ್ ಗ್ರಂಥದಲ್ಲಿದೆ. ಮೊದಲ ಸಲ ಆಯಿಶಾ (ರ) ಗೆದ್ದರು, ಮತ್ತೊಂದು ಸಲ ಪ್ರವಾದಿಯವರು ಗೆದ್ದರು. 2022ರಲ್ಲಿ ಕಜಕಿಸ್ತಾನದ ಅಲ್ಮಾಟಿಯಲ್ಲಿ ನಡೆದ ಏಷ್ಯನ್ ಜೂನಿಯರ್ ಮಹಿಳಾ ಹ್ಯಾಂಡ್‌ಬಾಲ್ ಚಾಂಪಿಯನ್‌ಷಿಪ್ಪನ್ನು ನಮ್ಮ ಭಾರತದ ಹುಡುಗಿಯರು ಗೆದ್ದುಕೊಂಡು ಬಂದರು. ಮೈ ಮುಚ್ಚುವ ಉಡುಪು, ಜೊತೆಗೆ ಒಬ್ಬ ಶಿಕ್ಷಕಿ, ಕತ್ತಲಾಗುವ ಮುನ್ನ ಮನೆಗೆ ವಾಪಸು, ಇಷ್ಟನ್ನು ನಾವು ನೋಡಿಕೊಂಡರೆ ತಾಯಿತಂದೆಯರು ಖಂಡಿತ ಕಳುಹಿಸುತ್ತಾರೆ. ಕಳುಹಿಸದಿದ್ದರೆ ಮನೆಗೆ ಹೋಗಿ ಕೇಳೋಣ.

ನಾವೀಗ ಅಂತರರಾಷ್ಟ್ರೀಯ ಪಂದ್ಯಾವಳಿಯ ಕನಸು ಕಾಣಬೇಕಿಲ್ಲ. ನಮ್ಮವು ಐದು ತಾಲ್ಲೂಕುಗಳು, ಆದ್ದರಿಂದ ಐದು ಪಾಳಿ. ಮೊದಲ ವರ್ಷ ಕೊಟ್ಟೂರು ಆಗಲಿ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯವರಿಗೆ ರೈಲೂ ಇದೆ, ಕೂಡ್ಲಿಗಿ, ಹಡಗಲಿಯವರು ಬಸ್ಸಿನಲ್ಲಿ ಬರಬಹುದು. ಮುಂದಿನ ವರ್ಷ ಇನ್ನೊಂದು ತಾಲ್ಲೂಕು. ಪ್ರತಿ ತಾಲ್ಲೂಕಿನಿಂದ ಹುಡುಗರದೊಂದು, ಹುಡುಗಿಯರದೊಂದು ತಂಡ. ಎಲ್ಲ ಶಾಲೆಗಳ, ಎಲ್ಲ ಜಾತಿ ಮತಗಳ ಮಕ್ಕಳಿಗೂ ಬಾಗಿಲು ತೆರೆದಿರಲಿ. ಆಡದ ಮಕ್ಕಳೂ ಸುಮ್ಮನೆ ಕೂರುವುದು ಬೇಡ. ಅಂಕ ಬರೆಯುವವರು, ಊಟ ಬಡಿಸುವವರು, ಪಂದ್ಯದ ವರದಿಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಈ ಸಂಚಿಕೆಗೆ ಕೊಡುವವರು ಬೇಕಲ್ಲ! ವ್ಯಾಕರಣವನ್ನು ನಾನು ಅಲ್ಲಿಯೇ ತಿದ್ದುತ್ತೇನೆ.

ಒಂದು ವರ್ಷ ಅದ್ದೂರಿಯಾಗಿ ಮಾಡಿ ಮರೆಯುವುದಕ್ಕಿಂತ, ಚಿಕ್ಕದಾಗಿ ಪ್ರತಿ ವರ್ಷ ಮಾಡುವುದು ಲೇಸು. ಸದಸ್ಯರೇ, ಇಂದು ಮನೆಗೆ ಹೋಗುವ ಮುನ್ನ ನಿಮ್ಮ ತಾಲ್ಲೂಕಿನ ಪಾಳಿ ಯಾವ ವರ್ಷ ಎಂದು ಬರೆಸಿ ಹೋಗಿ. ವಿದ್ಯಾರ್ಥಿಗಳೇ, ಶಾಲೆ ಬಿಟ್ಟ ನಿಮ್ಮ ಗೆಳೆಯ, ಗೆಳತಿಯರು ಇದ್ದರೆ ಅವರಿಗೆ ಚೆಂಡು ಬಂದಿದೆ ಎಂದು ಹೇಳಿ. ನನ್ನ ಪಾಲಿಗೆ, ಆಟದ ಪೀರಿಯಡನ್ನು ಇನ್ನು ನಾನು ಕೇಳುವುದಿಲ್ಲ ಎಂದು ನಿಮ್ಮೆಲ್ಲರ ಮುಂದೆ ಮಾತು ಕೊಡುತ್ತೇನೆ.

ಅಲ್ಲಾಹನು ನಮ್ಮ ಈ ಪ್ರಯತ್ನಕ್ಕೆ ಬರಕತ್ ನೀಡಲಿ, ಆಮೀನ್.